ಎರವಲು ಕಫ

ಒಬ್ಬ ಮನುಷ್ಯ ತನ್ನ ಎಡ ಪುಪ್ಪುಸದ ಚರಿತ್ರೆಯನ್ನು ಊರಿಗೆಲ್ಲ ತಿಳಿಯುವಂತೆ ಬರೆದಿಡುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ನಮ್ಮ ತಾಲೂಕು ಕಚೇರಿಯ ಶಿರಸ್ತೇದಾರರು ಅಭಿಪ್ರಾಯಪಟ್ಟಿದ್ದಾರೆ. ಅವರ ಅಭಿಪ್ರಾಯವನ್ನು ಶಿರಸಾವಹಿಸಿ, ಕಡತದಲ್ಲಿ ಸೇರಿಸಿ, ನಾನು ಬರೆಯಲು ಕೂತಿದ್ದೇನೆ. ಬಳ್ಳಾರಿಯ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಟವೆಲ್ಲಿನ ಚುಂಗನ್ನು ಬಾಯಿಗೆ ಒತ್ತಿಕೊಂಡು, ಪಕ್ಕದವನು ತನ್ನ ಕೆಮ್ಮನ್ನು ಎಣಿಸುತ್ತಿದ್ದಾನೋ ಎಂದು ಓರೆಗಣ್ಣಿನಿಂದ ನೋಡುತ್ತ ಕೂತವರು ಇವತ್ತೂ ಇದ್ದಾರೆ. ಅವರಿಗೆ ನಾನು ಹೇಳಬೇಕಾದದ್ದು ಔಷಧದ ವಿಷಯವಲ್ಲ. ಅದನ್ನು ಡಾಕ್ಟರು ಹೇಳುತ್ತಾರೆ. ಕ್ಷಯ ಮನೆಯವರಿಗೆ ಹತ್ತಬಹುದು, ಹತ್ತದೆಯೂ ಇರಬಹುದು. ಕ್ಷಯ ಬಂದವನು ಆಡಿದ ಸುಳ್ಳು ಹತ್ತಿಯೇ ಹತ್ತುತ್ತದೆ. ನನ್ನ ಅನುಭವ ಅದು.

ನನ್ನ ಹೆಸರು ವೀರಭದ್ರಪ್ಪ, ಊರು ಸಿರುಗುಪ್ಪ. ಮೂರನೇ ಫಾರಂ ಮುಗಿಸಿ, ಮುಂದೇನೂ ತೋಚದೆ, ಯುದ್ಧ ಶುರುವಾದ ಎರಡನೇ ವರ್ಷ ಬಳ್ಳಾರಿಗೆ ಹೋಗಿ ದಂಡಿನಲ್ಲಿ ಹೆಸರು ಬರೆಸಿದೆ. ಎದೆ ಸಾಲದೆಂದು ಕಾಲಾಳು ಪಡೆಯವರು ಬೇಡವೆಂದರು. ತ್ರಿಕೋನ, ಕೋನ ಎಂದರೆ ಹೆದರುವುದಿಲ್ಲವೆಂದು ಫಿರಂಗಿ ತೋಪಿನವರು ಇಟ್ಟುಕೊಂಡರು. ಎದೆ ಸಾಲದು ಎಂದವರ ಮಾತನ್ನು ಅವತ್ತೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ.

ಎಂಟು ತೋಪುಗಳು, ಅವನ್ನು ಎಳೆಯುವ ಗಾಡಿಗಳು, ಅವುಗಳ ಹಿಂದೆ ಓಡುವ ನಾವು: ಇದಕ್ಕೆ ಬ್ಯಾಟರಿ ಎನ್ನುತ್ತಿದ್ದರು. ಒಂದೊಂದು ತೋಪಿಗೆ ಆರು ಜನ. ತೋಪಿನ ಬಳಿ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ಒಂದನೇ ನಂಬರು ಹವಾಲ್ದಾರ. ನಾನು ಮೂರು, ಗುರಿ ಹಿಡಿಯುವವನು. ತೋಪಿನ ಎಡಗಡೆಯ ಸಣ್ಣ ಪೀಠದ ಮೇಲೆ ಕೂತು ದುರ್ಬೀನಿನಲ್ಲಿ ಕಣ್ಣಿಟ್ಟು, ಕೇಳಿದ ಕೋನಕ್ಕೆ ತೋಪನ್ನು ತಿರುಗಿಸಿ, ಗುಂಡು ಹಾರಿಸುವುದು ನನ್ನ ಕೆಲಸ. ನನ್ನ ಬೆನ್ನ ಹಿಂದೆ ನಿಂತು ಗುಂಡು ತುಂಬುತ್ತಿದ್ದ ನಾಲ್ಕನೇ ನಂಬರು ಬಳ್ಳಾರಿಯ ಬ್ರೂಸ್‌ಪೇಟೆಯ ಹುಸೇನಿ.

ಗುರಿ ಹಿಡಿದವನೆಂದರೆ ಶತ್ರುವನ್ನು ಕಣ್ಣಾರೆ ಕಂಡವನೆಂದು ಸಿರುಗುಪ್ಪದ ಜನ ತಿಳಿದಿದ್ದಾರೆ. ನಮ್ಮ ಗುಂಡು ಗುಡ್ಡ ದಾಟಿ ಎರಡು ಹರದಾರಿ ಆಚೆ ಬೀಳುತ್ತಿತ್ತು. ನನ್ನ ದುರ್ಬೀನಿಗೆ ಕಾಣುತ್ತಿದ್ದದ್ದು ನಮ್ಮವರೇ ನೆಟ್ಟ ಎರಡು ಕಂಬಗಳು. ಅವನ್ನು ನೋಡಿಯೇ ದಿಕ್ಕು ಹಿಡಿಯಬೇಕು. ಬರ್ಮಾದ ಯುದ್ಧದಲ್ಲಿ ಎರಡು ಕಂಬಗಳನ್ನು ಇಷ್ಟು ದ್ವೇಷದಿಂದ, ಇಷ್ಟು ಕಾಲ ದಿಟ್ಟಿಸಿ ನೋಡಿದವನು ಮತ್ತೊಬ್ಬನಿರಲಾರ.

ನಮ್ಮ ಕವಾಯತಿನಲ್ಲಿ ಒಂದು ಪಾಠವಿತ್ತು. ಗುಂಡು ಹಾರಿಸುವ ಅಭ್ಯಾಸ ಭರದಿಂದ ನಡೆದಿರುವಾಗ ಸಾಹೇಬರು ಇದ್ದಕ್ಕಿದ್ದಂತೆ "ತೀನ್ ನಂಬರ್ ಗಿರ್ ಗಯಾ!" ಎಂದು ಕೂಗುತ್ತಿದ್ದರು. ಕೂಡಲೇ ನಾನು ಪೀಠದಿಂದ ಉರುಳಿ ನೆಲದ ಮೇಲೆ ಸತ್ತು ಬಿದ್ದಿರಬೇಕು. ಹುಸೇನಿ ನನ್ನನ್ನು ದಾಟಿ ನನ್ನ ಪೀಠಕ್ಕೆ ಏರಬೇಕು. ಐದನೆಯವನು ಹುಸೇನಿಯ ಜಾಗಕ್ಕೆ ಬರಬೇಕು. ಒಂದು ಗುಂಡೂ ತಡವಾಗಬಾರದು. ಯಾರು ಬಿದ್ದರೂ ಮುಂದಿನವನು ಏನನ್ನೂ ಕೇಳದೆ ಆ ಜಾಗ ತುಂಬಬೇಕು. ಹೀಗೆ ದಿನಕ್ಕೆ ನಾಲ್ಕಾರು ಸಲ ಸತ್ತು, ಸತ್ತಲ್ಲಿಂದಲೇ ಹುಸೇನಿಯ ಬೂಟುಗಳನ್ನು ನೋಡುತ್ತ, ನಾನು ಎರಡು ವರ್ಷ ಕಳೆದೆ. ಈ ಪಾಠ ನಮ್ಮ ಮೈಯೊಳಗೆ ಎಷ್ಟು ಇಳಿಯಿತೆಂದರೆ, ಅದು ತೋಪಿಗೆ ಮಾತ್ರ ಸಂಬಂಧಿಸಿದ್ದೆಂಬುದು ಮರೆತೇಹೋಯಿತು.

ಕೆಮ್ಮು ಶುರುವಾದದ್ದು ಬರ್ಮಾದ ಬಯಲಿಗೆ ಇಳಿದ ಮೇಲೆ. ಅದರ ಹಿಂದಿನ ಮಳೆಗಾಲವಿಡೀ ತೋಪಿನ ಗಾಲಿಯ ಕೆಳಗೆ ಬಿದಿರು ಹಾಸುವುದು, ಅದು ಕೆಸರಿನಲ್ಲಿ ಮುಳುಗುವುದು, ಮತ್ತೆ ಹಾಸುವುದು, ಇಷ್ಟೇ ಆಗಿತ್ತು. ಬಯಲಿಗೆ ಬಂದಾಗ ಧೂಳು. ಗುಂಡು ಹಾರಿದೊಡನೆ ಧೂಳು, ಹೊಗೆ ಎರಡೂ ಮುಖಕ್ಕೆ ಬಡಿಯುತ್ತಿದ್ದವು. ಇಡೀ ಬ್ಯಾಟರಿಯೇ ಕೆಮ್ಮುತ್ತಿತ್ತು. ಅವರೆಲ್ಲರ ಕೆಮ್ಮು ಸಂಜೆಗೆ ನಿಲ್ಲುತ್ತಿತ್ತು, ನನ್ನದು ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಗುಂಡಿನ ಆಜ್ಞೆ ಬಂದ ಹೊತ್ತಿಗೆ ನನಗೆ ಕೆಮ್ಮು ಹತ್ತಿಕೊಂಡಿತು. ಕಂಬಗಳು ಎರಡಿದ್ದವು ನಾಲ್ಕಾದವು. ಭುಜದ ಮೇಲೆ ಕೈ ಬಿತ್ತು. ಹುಸೇನಿ ನನ್ನನ್ನು ಪಕ್ಕಕ್ಕೆ ಸರಿಸಿ ಪೀಠದ ಮೇಲೆ ಕೂತ, ಗುಂಡು ಹೋಯಿತು. ಹವಾಲ್ದಾರ ಒಮ್ಮೆ ನೋಡಿ ಮುಂದಿನ ಕೋನ ಕೂಗಿದ. ನಾನು ಉಗುಳಿದ ಕಡೆ ಮಣ್ಣು ಕೆಂಪಾಗಿತ್ತು. ಹುಸೇನಿ ಇಳಿದು ಬಂದು ಬೂಟಿನಿಂದ ಅದರ ಮೇಲೆ ಮಣ್ಣೆಳೆದ.

"ಎಲಿ ಅಡಿಕಿ ತಿಂದಿಯೇನಲೇ?" ಎಂದ.

"ಹ್ಞೂಂ," ಎಂದೆ. ಎಲೆ ಅಡಿಕೆ ನೋಡಿ ಆರು ತಿಂಗಳಾಗಿತ್ತು. ಇಬ್ಬರಿಗೂ ಗೊತ್ತಿತ್ತು.

ಯುದ್ಧ ಮುಗಿದ ಮರುವರ್ಷ ನಮ್ಮನ್ನು ದಂಡಿನಿಂದ ಬಿಡುಗಡೆ ಮಾಡುವ ಕ್ಯಾಂಪಿಗೆ ತಂದರು. ಅಲ್ಲಿಯ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ಸ್ವಲ್ಪ ಹೆಚ್ಚು ಹೊತ್ತೇ ಕೇಳಿ, ಮೂರು ಮುಂಜಾನೆಯ ಕಫವನ್ನು ಮುಚ್ಚಳದ ಡಬ್ಬಿಯಲ್ಲಿ ತಂದುಕೊಡಬೇಕೆಂದು ಬರೆದರು. ಡಬ್ಬಿಯ ಮೇಲೆ ನನ್ನ ನಂಬರು, ಹೆಸರು. ಕಫ ಕೆಟ್ಟವರನ್ನು ಎಲ್ಲೋ ಬೆಟ್ಟದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ, ಅಲ್ಲಿಂದ ಊರಿಗೆ ಬರುವುದು ಪೆಟ್ಟಿಗೆ ಮಾತ್ರ ಎಂದು ಬ್ಯಾರಕ್ಕಿನಲ್ಲಿ ಸುದ್ದಿ. ನಾನು ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಳದ ಸುತ್ತ ತಿರುಗುತ್ತಿದ್ದೆ. ಹುಸೇನಿ ಹಲ್ಲುಜ್ಜುತ್ತಿದ್ದವನು ಕೈ ಚಾಚಿದ.

"ಡಬ್ಬಿ ಇತ್ಲಾಗ ಕೊಡು."

"ಯಾಕಲೇ?"

"ಮೂರು ನಂಬರ್ ಬಿದ್ದೈತಿ. ನಾಲ್ಕು ಏರ್ತೈತಿ. ಕವಾಯತು ಮರ್ತಿಯೇನು?"

ಮೂರು ಮುಂಜಾನೆ ಅವನು ಉಗುಳಿದ, ನಾನು ಒಯ್ದು ಕೊಟ್ಟೆ. ಇದರಲ್ಲಿ ತಪ್ಪಿದೆ ಎಂದು ಇಬ್ಬರಿಗೂ ಅನ್ನಿಸಲಿಲ್ಲ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಗುಂತಕಲ್ಲಿನವರೆಗೂ ಹಾಡುತ್ತ ಬಂದೆವು. ನಾನು ಕೆಮ್ಮುತ್ತ ಹಾಡಿದೆ.

ನನ್ನ ಬಿಡುಗಡೆಯ ಕಾಗದದಲ್ಲಿ ದೊಡ್ಡ ಮೊಹರಿನ ಕೆಳಗೆ, ಮೂರು ಸಲ ಪರೀಕ್ಷಿಸಲಾಗಿ ಕಫ ಶುದ್ಧವಾಗಿದೆ ಎಂದು ಬರೆದಿತ್ತು. ನಮ್ಮವ್ವ ಅದನ್ನು ದೇವರ ಜಗಲಿಯ ಮೇಲಿಟ್ಟಳು. ಸೋಮವಾರಕ್ಕೊಮ್ಮೆ ಲಿಂಗಕ್ಕೆ ಹಚ್ಚಿ ಉಳಿದ ವಿಭೂತಿಯನ್ನು ಮೊಹರಿಗೂ ಹಚ್ಚುತ್ತಿದ್ದಳು. ಮಗ ಯುದ್ಧದಿಂದ ಇಡಿಯಾಗಿ ಬಂದದ್ದಕ್ಕೆ ಸಾಕ್ಷಿ ಅದೊಂದೇ.

ತಾಲೂಕು ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತಿಕೆ ಸಿಕ್ಕಿತು. ಕುರುಗೋಡಿನ ಈರಮ್ಮನೊಂದಿಗೆ ಮದುವೆಯಾಯಿತು. ಈರಮ್ಮ ಗಟ್ಟಿ ದನಿಯವಳು. ನಾನು ಮನೆಯಲ್ಲಿ "ಸದರಿ ಸಾರಿಗೆ ಉಪ್ಪು ಕಡಿಮೆಯಾಗಿರುವುದು ಕಂಡುಬಂದಿದೆ" ಎಂದರೆ "ಕಚೇರಿ ಕಚೇರ್ಯಾಗ ಇಟ್ಟು ಬರ್ರಿ" ಎಂದು ನಕ್ಕು ಉಪ್ಪು ಬಡಿಸುತ್ತಿದ್ದಳು. ಎರಡು ವರ್ಷ ಕೆಮ್ಮು ಬಂದೂ ಹೋಗಿಯೂ ಇತ್ತು. ಮೂರನೇ ವರ್ಷ ಬಂದದ್ದು ಹೋಗಲಿಲ್ಲ. ಸಂಜೆಯಾದರೆ ಜ್ವರ. ಅಂಗಿ ಜೋಲಾಡತೊಡಗಿತು. ಕಡೆಗೆ ಒಂದು ದಿನ ಕಚೇರಿಯಲ್ಲಿ ಜಮೀನಿನ ಕಾಗದವೊಂದರ ನಕಲಿನ ಮೇಲೆ ಕೆಂಪು ಹನಿಗಳು ಬಿದ್ದವು. ಕೆಂಪು ಶಾಯಿಯಿಂದ ಬರೆಯುವ ಅಧಿಕಾರ ನನ್ನ ದರ್ಜೆಯ ಗುಮಾಸ್ತರಿಗಿಲ್ಲ. ರಜೆ ಮಂಜೂರಾಯಿತು.

ಅವ್ವ, ಈರಮ್ಮ, ನಾನು ಮೂವರೂ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದೆವು. ಆಸ್ಪತ್ರೆಯ ಬೆಂಚಿನ ಮೇಲೆ ಕೂರಲು ಜಾಗವಿರಲಿಲ್ಲ. ನಾನು ಎರಡು ಸಲ ಕೆಮ್ಮಿದೆ, ಮೂವರಿಗೂ ಧಾರಾಳ ಜಾಗವಾಯಿತು. ಕಾಯುವುದು ನನ್ನಿಂದಾಗುವ ಕೆಲಸವಲ್ಲ. ಎದ್ದೆ, ಬಾಗಿಲ ಸಂದಿಯಲ್ಲಿ ಇಣುಕಿದೆ, ಗೋಡೆಯ ಬಿರುಕನ್ನು ಬೆರಳಿನಿಂದ ಕೆರೆದೆ, ಕೂತೆ, ಮತ್ತೆ ಎದ್ದೆ. "ಕುಂಡಿಗೆ ಮುಳ್ಳು ಚುಚ್ಚೈತೇನೋ ಯಪ್ಪ, ಕೂಡು," ಎಂದು ಅವ್ವ ಎರಡು ಸಲ ಗದರಿದಳು. ಈರಮ್ಮ ನನ್ನ ಅಂಗಿಯ ತುದಿಯನ್ನು ಹಿಡಿದು ಕೂತಳು. ಆ ಹಿಡಿತದಿಂದಲೇ ಸ್ವಲ್ಪ ಹೊತ್ತು ಕೂತೆ.

ಡಾಕ್ಟರು ಕರಾವಳಿ ಆಂಧ್ರದ ಕಡೆಯವರು. ಎಕ್ಸ್‌ರೇ ಫಿಲಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎಡಗಡೆಯ ಮೇಲುಭಾಗದಲ್ಲಿ ಯಾರೋ ಹತ್ತಿ ಅಂಟಿಸಿದಂತಿತ್ತು.

"ಏಮಯ್ಯಾ, ಎಷ್ಟು ದಿನದಿಂದ ಕೆಮ್ಮು?"

"ಮೂರು ತಿಂಗಳು, ಸಾರ್."

"ದಂಡಿನಲ್ಲಿದ್ದೆ ಅಂತಾರೆ. ಕಾಗದ ಇದೆಯಾ? ಸೈನಿಕರಾಗಿದ್ದವರಿಗೆ ಹಾಸಿಗೆ ಬೇಗ ಸಿಗುತ್ತೆ."

ಅವ್ವ ಸೆರಗಿನ ಗಂಟಿನಿಂದ ಕಾಗದ ತೆಗೆದು, ಕಣ್ಣಿಗೊತ್ತಿ ಕೊಟ್ಟಳು. ಡಾಕ್ಟರು ವಿಭೂತಿಯನ್ನು ಊದಿ ಓದಿದರು. ಮತ್ತೊಮ್ಮೆ ಓದಿದರು.

"ಬಿಡುಗಡೆ ಆದಾಗ ನಿನಗೆ ಏನೂ ಇರಲಿಲ್ಲ. ಮೂರು ಸಲ ನೋಡಿದ್ದಾರೆ. ಹಾಗಾದರೆ ಇದು ಊರಿಗೆ ಬಂದ ಮೇಲೆ ಹತ್ತಿದ್ದು. ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯಾ? ಎಲ್ಲರನ್ನೂ ಕರೆದುಕೊಂಡು ಬನ್ನಿ, ಪರೀಕ್ಷೆ ಮಾಡೋಣ."

ನಮ್ಮವ್ವ ಆ ಮಾತಿನ ಮೊದಲರ್ಧವನ್ನು ಮಾತ್ರ ತೆಗೆದುಕೊಂಡಳು. ಅವಳ ಕಣ್ಣು ಸೊಸೆಯ ಕಡೆ ಹೊರಳಿತು.

"ಈಕಿ ಸೋದರಮಾವ ಇದೇ ಬ್ಯಾನಿಲೇ ಹೋಗ್ಯಾನ್ರಿ, ಕುರುಗೋಡದಾಗ. ನಮಗ ಮದುವಿ ಆದಮ್ಯಾಲ ಗೊತ್ತಾತು."

"ಅಂವ ಸತ್ತಾಗ ನಾ ತೊಟ್ಟಿಲದಾಗ ಇದ್ನಿ, ಅತ್ತಿ," ಎಂದಳು ಈರಮ್ಮ.

"ಹ್ವಾದ ತಿಂಗಳ ನಿನಗ ಕೆಮ್ಮು ಇತ್ತಿಲ್ಲ?"

"ಇವರ ಕೆಮ್ಮು ನೋಡಿ ನೋಡಿ ಬಂದಿತ್ತು. ನಾಕು ದಿನ."

ಈರಮ್ಮ ನನ್ನ ಕಡೆ ನೋಡಿದಳು. ನಾಲ್ಕು ವರ್ಷದ ಹಿಂದಿನ ಒಂದು ಕೆಂಪು ಉಗುಳು, ಮೂರು ಡಬ್ಬಿ, ಇಷ್ಟು ನಾನು ಹೇಳಿದ್ದರೆ ಸಾಕಾಗಿತ್ತು. ಸರಕಾರಕ್ಕೆ ಮೋಸ ಮಾಡಿದವನಿಗೆ ಹಾಸಿಗೆ ಸಿಗಲಿಕ್ಕಿಲ್ಲ, ಹುಸೇನಿಯನ್ನೂ ಹಿಡಿಯುತ್ತಾರೆ ಎಂಬುದು ನಾನು ಆಮೇಲೆ ನನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ ಬೇರೆ: ರೋಗವಿದೆಯೆಂದು ಅರ್ಧ ತಿಳಿದೇ ಅವಳಿಗೆ ತಾಳಿ ಕಟ್ಟಿದ್ದೆ. ನಾನು ಕಿಟಕಿಯ ಫಿಲಮನ್ನು ನೋಡಿದೆ.

ನನ್ನನ್ನು ವಾರ್ಡಿಗೆ ಸೇರಿಸಿದ ನಾಲ್ಕನೆಯ ದಿನಕ್ಕೆ ಅವ್ವ ಈರಮ್ಮನನ್ನು ಕುರುಗೋಡಿಗೆ ಕಳಿಸಿದಳು. ಮಗನ ಎದೆ ತಿಂದವಳು ಎಂದು ಓಣಿಯಲ್ಲಿ ನಿಂತು ಹೇಳಿಯೇ ಕಳಿಸಿದಳಂತೆ.

ಆ ಕಾಲದ ಚಿಕಿತ್ಸೆ ಎಂದರೆ ಮುಖ್ಯವಾಗಿ ಮಲಗುವುದು. ಅಲುಗಾಡದೆ ಮಲಗುವುದು. ಸ್ನಾನಕ್ಕೆ ಏಳಬಾರದು, ಗಟ್ಟಿಯಾಗಿ ನಗಬಾರದು, ಬಗ್ಗಿ ಚಪ್ಪಲಿ ಹುಡುಕಬಾರದು. ವಾರಕ್ಕೊಮ್ಮೆ ಪಕ್ಕೆಲುಬಿನ ನಡುವೆ ಸೂಜಿ ಚುಚ್ಚಿ ಗಾಳಿ ತುಂಬುತ್ತಿದ್ದರು. ಆ ಗಾಳಿ ಎಡ ಪುಪ್ಪುಸವನ್ನು ಅದುಮಿ ಮಲಗಿಸುತ್ತದೆ, ಮಲಗಿದ್ದು ಮಾಯುತ್ತದೆ ಎಂಬ ವಿಚಾರ. ಮೊದಲ ಸಲ ಸೂಜಿ ಕಂಡಾಗ ನನಗೆ ಬರ್ಮಾದಲ್ಲೂ ಆಗದಷ್ಟು ಹೆದರಿಕೆಯಾಯಿತು. ಸಿಸ್ಟರು ನನ್ನ ಹಣೆಯ ಮೇಲೆ ಕೈಯಿಟ್ಟು ಮಲೆಯಾಳದಲ್ಲಿ ಏನೋ ಹೇಳುತ್ತಿದ್ದಳು. ಏನೆಂದು ಇವತ್ತಿಗೂ ಗೊತ್ತಿಲ್ಲ. ಆದರೆ ಪ್ರತಿ ಸಲ ಅದನ್ನೇ ಹೇಳುತ್ತಿದ್ದಳು, ಪ್ರತಿ ಸಲ ಅದರಿಂದಲೇ ಸೂಜಿ ಒಳಗೆ ಹೋಗುತ್ತಿತ್ತು.

ಹುಸೇನಿ ಆಗ ಬ್ರೂಸ್‌ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಶುಕ್ರವಾರ ನಮಾಜು ಮುಗಿಸಿ ಮೊಟ್ಟೆ ಕಟ್ಟಿಕೊಂಡು ಬರುತ್ತಿದ್ದ. ಗಾಳಿ ತುಂಬುವ ವಿಷಯ ಕೇಳಿ ಅವನಿಗಾದ ಆನಂದ ವರ್ಣಿಸಲಸಾಧ್ಯ.

"ಅಷ್ಟಕ್ಕ ಇಲ್ಲೀತನಕ ಬಂದಿಯೇನಲೇ? ನನ್ನ ಅಂಗಡಿಗೆ ಬಂದಿದ್ರ ಎರಡೂ ಕಡೆ ತುಂಬಿ ಕಳಸ್ತಿದ್ನಿ."

ನಗಬಾರದೆಂದು ನಾನು ದಿಂಬು ಕಚ್ಚಿದೆ.

ಆದರೆ ಮಲಗುವುದು ನನ್ನಿಂದಾಗಲಿಲ್ಲ. ಪಕ್ಕದ ಹಾಸಿಗೆಯ ಕುಡತಿನಿಯ ರೈತ ಕಲ್ಲಿನಂತೆ ಮಲಗಿ ದಿನದಿನಕ್ಕೆ ತುಂಬಿಕೊಳ್ಳುತ್ತಿದ್ದ. ನಾನು ಎಡಕ್ಕೆ ಹೊರಳಿದರೆ ಕುರುಗೋಡು, ಬಲಕ್ಕೆ ಹೊರಳಿದರೆ ಸಿರುಗುಪ್ಪ. ಸಿಸ್ಟರು ಅತ್ತ ಹೋದೊಡನೆ ಎದ್ದು ವರಾಂಡದ ಕೊನೆಯವರೆಗೆ ನಡೆಯುತ್ತಿದ್ದೆ. ಅಲ್ಲಿಂದ ಬಂಡೆಯ ಕೋಟೆ ಕಾಣುತ್ತಿತ್ತು. ಬಿಸಿಲಿಗೆ ಕಾದು ಅದು ನಡುಗುತ್ತಿರುವಂತೆ ಕಾಣುತ್ತಿತ್ತು, ಅದೂ ನನ್ನಂತೆ ಮಲಗಲಾರದೆ. ಮನಸ್ಸಿನಲ್ಲಿ ಈರಮ್ಮನಿಗೆ ಕಾಗದ ಬರೆಯುತ್ತಿದ್ದೆ. "ತಿಳಿಸಲು ವಿಷಾದಿಸುತ್ತೇನೆ" ಎಂಬಲ್ಲಿಗೆ ಬಂದು ಹರಿದುಹಾಕುತ್ತಿದ್ದೆ. ಕಾಲಬುಡದಲ್ಲಿ ತೂಗುಹಾಕಿದ ಜ್ವರದ ಹಾಳೆಯಲ್ಲಿ ಗೆರೆ ಏರುತ್ತಲೇ ಇತ್ತು. ಡಾಕ್ಟರು ಅದನ್ನು ನೋಡಿ, ನನ್ನನ್ನು ನೋಡಿ, "ಗಾಳಿ ಸರಿಯಾಗಿ ಹೋಗ್ತಾ ಇದೆ. ನೀನೇ ಇದನ್ನು ಏರಿಸ್ತಾ ಇದ್ದೀಯ. ಹೀಗೇ ಆದರೆ ಬಲಗಡೆಗೂ ಹೋಗುತ್ತೆ," ಎಂದರು.

ಐದನೆಯ ತಿಂಗಳ ಒಂದು ಶುಕ್ರವಾರ ಹುಸೇನಿ ಮೊಟ್ಟೆಗಳನ್ನು ಕಪಾಟಿನಲ್ಲಿಡುತ್ತ ಕೇಳಿದ.

"ಭಾಬಿ ಒಂದ್ಸಲಾನೂ ಬರವಲ್ರಲ್ಲ. ಹುಷಾರದಾರಿಲ್ಲ?"

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಕೆಮ್ಮು ಬಂತು. ಕೆಮ್ಮು ಮುಗಿಯುವ ಹೊತ್ತಿಗೆ ಸುಳ್ಳು ಮರೆತುಹೋಗಿತ್ತು, ನಿಜವನ್ನೇ ಹೇಳಿದೆ. ಹುಸೇನಿ ಸ್ಟೂಲಿನಿಂದ ಎದ್ದ. ಕೈಯಲ್ಲಿದ್ದ ಮೊಟ್ಟೆಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಲೇ ವೀರಭದ್ರಿ. ನನ್ನ ಉಗುಳು ಒಬ್ಬ ಹೆಣ್ಮಗಳನ್ನ ತವರಿಗೆ ಕಳಿಸೈತೇನಲೇ?"

"ನಿನ್ನ ಹೆಸರು ಹೊರಗ ಬಿದ್ರ ಜೈಲಿಗೆ ಹಾಕ್ತಾರಲೇ."

"ಹಾಕ್ಲಿ. ಬಳ್ಳಾರಿ ಮಂದಿಗೆ ಜೈಲೇನು ಪರದೇಶೇನು? ನಮ್ಮ ಮನಿಯಿಂದ ಬುತ್ತಿ ಬರ್ತೈತಿ." ಅವನ ದನಿ ಏರಿತು, ಕುಡತಿನಿಯ ರೈತ ಐದು ತಿಂಗಳಲ್ಲಿ ಮೊದಲ ಬಾರಿಗೆ ಮಗ್ಗುಲು ಬದಲಿಸಿದ. "ಇದನ್ನ ಇಟಗೊಂಡು ಐದು ತಿಂಗಳು ಇಲ್ಲಿ ಮೊಟ್ಟಿ ತಿಂದಿಯಲ್ಲೋ!"

"ನೀನ ಒಂದು ಮಾತು ಅವ್ವಗ ಹೇಳಿಬಿಡು ಹುಸೇನಿ. ನನ್ನ ಕೈಲಿ ಆಗವಲ್ದು."

ಅವನು ತಲೆ ಅಲ್ಲಾಡಿಸಿದ.

"ತೋಪಿನ ಹತ್ರ ನಿನ್ನ ಜಾಗಕ್ಕ ಏರಿದ್ನಿ. ಡಬ್ಬಿ ಹತ್ರ ಏರಿದ್ನಿ, ಅದು ತಪ್ಪಾತು. ಇದಕ್ಕ ಮಾತ್ರ ನಾ ಏರಂಗಿಲ್ಲ. ನೀ ಹೇಳು. ನಾ ಬಾಜೂಕ ನಿಂದರ್ತೀನಿ."

ಮೊಟ್ಟೆಯನ್ನು ನನ್ನ ಹೊಟ್ಟೆಯ ಮೇಲಿಟ್ಟು ಹೋದ.

ಸೋಮವಾರ ಡಾಕ್ಟರು ಬರುವ ಹೊತ್ತಿಗೆ ನಾನು ಒಂದು ಅರ್ಜಿ ಸಿದ್ಧಪಡಿಸಿದ್ದೆ. "ಘನತೆವೆತ್ತ ವೈದ್ಯಾಧಿಕಾರಿಗಳ ಸನ್ನಿಧಾನಕ್ಕೆ, ಅರ್ಜಿದಾರನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಆರಂಭ. ಅವರು ಎರಡು ಸಾಲು ಓದಿ ಹಿಂದೆ ಕೊಟ್ಟರು.

"ಬಾಯಿಂದ ಹೇಳಯ್ಯಾ."

ಹೇಳಿದೆ. ಅವರು ಎಕ್ಸ್‌ರೇ ನೋಡುವಷ್ಟೇ ಹೊತ್ತು ನನ್ನ ಮುಖ ನೋಡಿದರು.

"ನಾನು ಆ ಕಾಗದ ನಂಬಿ ಮನೆಯಲ್ಲಿ ಹುಡುಕಿ ಅಂದೆ. ಪರೀಕ್ಷೆಗೆ ಯಾರೂ ಬರಲಿಲ್ಲ ಅಂತ ಸಿಟ್ಟೂ ಮಾಡಿಕೊಂಡಿದ್ದೆ. ಆ ಹುಡುಗಿ ಎಲ್ಲಿ ಈಗ?"

"ಕುರುಗೋಡಿನಲ್ಲಿ, ಸಾರ್. ನನ್ನ ಹಾಸಿಗೆ..."

"ಹಾಸಿಗೆ ಕೆಮ್ಮುವವನಿಗೆ ಕೊಟ್ಟಿದ್ದು, ಕಾಗದಕ್ಕಲ್ಲ. ಮಲಕ್ಕೋ. ಅವಳಿಗೆ ನಾನೇ ಕಾರ್ಡು ಬರೆಸ್ತೀನಿ, ಪರೀಕ್ಷೆಗೆ ಬರಲಿ. ಪರೀಕ್ಷೆ ಎಲ್ಲರಿಗೂ ಆಗಲೇಬೇಕು, ಗೊತ್ತಾಯ್ತಾ? ಅಂಟಿಸಿದವನು ನೀನಾಗಿರಬಹುದು."

ಈ ಕಡೆಯ ಮಾತು ನನಗೆ ಹೊಳೆದೇ ಇರಲಿಲ್ಲ. ನಿಜ ಹೇಳಿದ ಮೇಲೆ ಜ್ವರ ಇಳಿಯಿತೆಂದು ಬರೆದರೆ ನೀತಿಕಥೆ ಚೆನ್ನಾಗಿರುತ್ತದೆ. ನನ್ನದು ಎರಡು ದಿನ ಇನ್ನೂ ಏರಿತು.

ಬುಧವಾರ ಅವ್ವ ಬಂದಳು. ಹುಸೇನಿ ಅಂಗಡಿ ಮುಚ್ಚಿ ಬಂದು ಹೇಳಿದಂತೆ ಪಕ್ಕದಲ್ಲಿ ನಿಂತ. ನಾನು ಹೇಳಿದ್ದನ್ನೆಲ್ಲ ಕೇಳಿ ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ನೆತ್ತಿಗೇರೈತಿ. ಆಕಿ ಮ್ಯಾಗಿನ ಪ್ರೀತಿಲೇ ಇದ್ದಬಿದ್ದದ್ದು ಹೇಳಾಕ ಹತ್ತಿ. ಸರಕಾರದ ಮೊಹರು ಸುಳ್ಳಾಡ್ತೈತೇನು?" ಹುಸೇನಿಯ ಕಡೆ ತಿರುಗಿದಳು. "ನೀನರ ಹೇಳಪ್ಪ ಸಾಬ."

ಹುಸೇನಿ ನೆಲ ನೋಡಿದ.

"ಯವ್ವಾ, ಆ ಮೊಹರಿನ ಕೆಳಗ ಇರೋದು ನನ್ನ ಉಗುಳು. ಅದಕ್ಕ ನೀ ಮೂರು ವರ್ಷ ಇಬತ್ತಿ ಹಚ್ಚೀದಿ."

ಅವ್ವ ಸೆರಗು ಹೊದ್ದು ಎದ್ದಳು. ನನಗೆ ತಂದಿದ್ದ ರೊಟ್ಟಿಯ ಗಂಟನ್ನು ಬಿಚ್ಚದೆ ಹಾಗೇ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋದಳು. ಮುಂದಿನ ಎರಡು ಬುಧವಾರ ಬರಲಿಲ್ಲ.

ಈರಮ್ಮ ಬಂದಳು. ಅಪ್ಪನೊಂದಿಗೆ ಬಳ್ಳಾರಿಯಲ್ಲೇ ಮೂರು ದಿನ ಇದ್ದು, ಪರೀಕ್ಷೆ ಮುಗಿಸಿಕೊಂಡೇ ನನ್ನ ಕಿಟಕಿಗೆ ಬಂದಳು. ಆ ಮೂರು ದಿನ ನಾನು ಹಾಸಿಗೆಯ ಕಬ್ಬಿಣದ ಸರಳಿನ ಬಣ್ಣವನ್ನು ಉಗುರಿನಿಂದ ಕೆರೆದು ಒಂದು ಗೇಣು ಬಿಳಿ ಮಾಡಿದ್ದೆ. ಕಿಟಕಿಯ ಹೊರಗೆ ನಿಂತು ಅವಳು ಚೀಟಿಯನ್ನು ತೋರಿಸಿದಳು.

"ಏನೂ ಇಲ್ಲಂತ. ಎದಿ ಫೋಟೋನೂ ಚಲೋ ಐತಂತ. ಮೂರು ಮುಂಜಾನಿ, ಸಿಸ್ಟರ್ ಎದುರಿಗೆ. ನಂದು ನಾನ ಉಗುಳೀನಿ."

ಅಷ್ಟರಿಂದಲೇ ಡಾಕ್ಟರು ಅವಳಿಗೆ ಎಲ್ಲವನ್ನೂ ಹೇಳಿದ್ದಾರೆಂದು ತಿಳಿಯಿತು. ಆದರೂ ನಾನು ಮೊದಲಿನಿಂದ ಹೇಳಿದೆ. ಮಣ್ಣು ಕೆಂಪಾದ ಮಧ್ಯಾಹ್ನ, ಡಬ್ಬಿ, ಮದುವೆ, ಫಿಲಮಿನ ಕಡೆ ತಿರುಗಿದ ನನ್ನ ಮುಖ. ಅವಳು ಕಿಟಕಿಯ ಸರಳು ಹಿಡಿದು ಕೇಳಿದಳು. ನಡುವೆ ಬಾಯಿ ಹಾಕಲಿಲ್ಲ. ಈರಮ್ಮ ಬಾಯಿ ಹಾಕದಿದ್ದದ್ದು ಅದೊಂದೇ ಸಲ.

"ಕಿಡಕ್ಯಾಗ ನಿಂತು ನನಗ ಹೇಳಿದ್ರ ಏನಾತು? ನಂದಲ್ಲ ಅಂತ ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರು ಕುರುಗೋಡದಾಗ ಅದಾರ. ನಾ ಬಾವಿಗೆ ಹೋದ್ರ ಹೆಣ್ಮಕ್ಕಳು ಹಗ್ಗ ಬಿಟ್ಟು ಸರೀತಾರ. ನಮ್ಮ ತಂಗಿಗೆ ನೋಡಾಕ ಬಂದ ಗಂಡಿನವರು ಹಂಗ ಎದ್ದು ಹೋದ್ರು. ಅವರಿಗೆ ಬಂದು ಹೇಳ್ರಿ."

"ಗುಣ ಆದಕೂಡಲೇ ಬರ್ತೀನಿ."

"ಹಂಗಾರ ಲಗು ಗುಣ ಆಗ್ರಿ," ಎಂದು ಹೋದಳು.

ಅವತ್ತಿನಿಂದ ನಾನು ಮಲಗಿದೆ. ಕುಡತಿನಿಯ ರೈತನಿಗೆ ಪೈಪೋಟಿ ಕೊಟ್ಟು ಮಲಗಿದೆ. ಒಳಗೆ ಕುದುರೆ ಓಡುತ್ತಲೇ ಇತ್ತು. ಆದರೆ ಅದಕ್ಕೀಗ ಹೋಗಬೇಕಾದ ಊರು ಗೊತ್ತಿತ್ತು, ಮಲಗುವುದೇ ಅಲ್ಲಿಗೆ ದಾರಿ. ಏಳು ತಿಂಗಳ ಮೇಲೆ ನನ್ನ ಕಫ, ನನ್ನದೇ ಕಫ, ಸಿಸ್ಟರು ಎದುರು ನಿಂತು ಹಿಡಿದದ್ದು, ಮೂರು ಸಲವೂ ಶುದ್ಧವೆಂದು ಬಂತು. ಹದಿನೈದು ದಿನಕ್ಕೊಮ್ಮೆ ಬಂದು ಗಾಳಿ ತುಂಬಿಸಿಕೊಳ್ಳಬೇಕೆಂಬ ಕರಾರಿನ ಮೇಲೆ ಮನೆಗೆ ಬಿಟ್ಟರು. ಆ ಕರಾರು ಈಗಲೂ ನಡೆಯುತ್ತಿದೆ.

ನಾನು ಸಿರುಗುಪ್ಪದ ಬಸ್ಸು ಹತ್ತದೆ ಕುರುಗೋಡಿನದು ಹತ್ತಿದೆ. ಹುಸೇನಿ ಜೊತೆಗೆ ಬಂದ. ಸಂಜೆ ನೀರಿಗೆ ಬರುವ ಹೊತ್ತಿಗೆ ಮಾವ ನನ್ನನ್ನು ಬಾವಿಯ ಕಟ್ಟೆಯ ಬಳಿ ನಿಲ್ಲಿಸಿದರು. ಹದಿನೈದಿಪ್ಪತ್ತು ಹೆಂಗಸರು, ಕೊಡಗಳು, ದೂರದಲ್ಲಿ ಬೀಡಿ ಸೇದುತ್ತ ನಾಲ್ಕಾರು ಗಂಡಸರು. ಈರಮ್ಮ ಹಗ್ಗದ ಪಕ್ಕದಲ್ಲಿ ಕೈಕಟ್ಟಿ ನಿಂತಳು. ಆಗ ಒಂದು ತೊಡಕು ಕಾಣಿಸಿಕೊಂಡಿತು. ಅರ್ಧ ಎದೆಯಲ್ಲಿ ಗಾಳಿಯನ್ನು ಬೇರೆ ಕಾರಣಕ್ಕೆ ತುಂಬಿಟ್ಟ ಮನುಷ್ಯನಿಗೆ ಕೂಗಲು ಉಸಿರು ಎಲ್ಲಿಂದ ಬರಬೇಕು?

"ಏನಂತಾನವ್ವ? ಏನೂ ಕೇಳವಲ್ದು," ಎಂದಳು ಹಿಂದಿನ ಸಾಲಿನ ಒಬ್ಬ ಮುದುಕಿ.

ಮತ್ತೆ ಹೇಳಿದೆ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು, ರೋಗ ದಂಡಿನಲ್ಲೇ ಬಂದದ್ದು, ಕಾಗದ ಸುಳ್ಳು, ಈರಮ್ಮನಿಂದ ನನಗೆ ಬಂದದ್ದು ಏನೂ ಇಲ್ಲ ಎಂದೆ. ಕಟ್ಟೆಗೆ ಒರಗಿದೆ. ಹುಸೇನಿ ನನ್ನ ಬೆನ್ನಿಗೆ ಅಂಗೈ ಕೊಟ್ಟ, ಬಾಯಿ ತೆರೆಯಲಿಲ್ಲ.

"ಸಾಕು ಬಿಡವ್ವ, ಬಿದ್ದಾನು," ಎಂದರು ಮಾವ.

"ಇನ್ನೊಮ್ಮೆ ಹೇಳ್ಲಿ," ಎಂದಳು ಈರಮ್ಮ. "ಶಾಂತಮ್ಮತ್ತಿಗೆ ಕೇಳಿಲ್ಲ."

ಮೂರನೆಯ ಸಲ ಹೇಳಿದೆ. ಶಾಂತಮ್ಮತ್ತಿ, ಆ ಹಿಂದಿನ ಮುದುಕಿಯೇ, ಬೆರಳು ಮಡಿಚಿದಳು. "ಅಂದ್ರ ಬ್ಯಾನಿ ಇವಂದು. ಉಗುಳು ಈ ಸಾಬಂದು. ಬೈಸಿಕೊಂಡಾಕಿ ನಮ್ಮ ಈರಿ. ಹೌದಿಲ್ಲ?"

"ಹೌದು," ಎಂದೆ. ವೃತ್ತಿಯಿಂದ ನಕಲುಗಾರನಾದ ನಾನು ಇಷ್ಟು ಶುದ್ಧವಾದ ಸಾರಾಂಶವನ್ನು ಕಚೇರಿಯಲ್ಲಿ ಕಂಡಿಲ್ಲ. ಶಾಂತಮ್ಮತ್ತಿ ಮುಂದೆ ಬಂದು ಹಗ್ಗವನ್ನು ಈರಮ್ಮನ ಕೈಗೆ ಕೊಟ್ಟಳು. "ಮೊದಲ ನೀ ಸೇದು," ಎಂದಳು.

ಈರಮ್ಮ ಅವತ್ತು ನನ್ನ ಜೊತೆ ಬರಲಿಲ್ಲ. ನಾನೂ ಕರೆಯುವ ಧೈರ್ಯ ಮಾಡಲಿಲ್ಲ. ಮನೆಗೆ ಬಂದು, ಕುರುಗೋಡಿನ ಸಂಗತಿಯನ್ನು ಅವ್ವನಿಗೆ ಹೇಳಿ, ಒಂಬತ್ತು ದಿನ ಬಾಗಿಲಿಗೂ ಹಿತ್ತಲಿಗೂ ತಿರುಗಿದೆ. ಬಸ್ಸು ಬರುವ ಹೊತ್ತಿಗೆ ಅವ್ವ ಏನಾದರೊಂದು ನೆವದಿಂದ ಓಣಿಯ ಕಡೆ ಹೋಗಿ ಬರುತ್ತಿದ್ದಳು.

ಹತ್ತನೆಯ ದಿನ ಮಧ್ಯಾಹ್ನದ ಬಸ್ಸಿಗೆ ಈರಮ್ಮ ಒಬ್ಬಳೇ ಬಂದಳು. ಒಳಗೆ ಬರಲಿಲ್ಲ. ಗಂಟನ್ನು ಇಳಿಸಿ ಹೊರಗಿನ ಕಟ್ಟೆಯ ಮೇಲೆ ಕೂತು, ಗಂಟಿನಿಂದ ತಂಬಿಗೆ ತೆಗೆದು ಅರ್ಧ ಕುಡಿದಳು. ಎದುರು ಮನೆಯ ಬಾಗಿಲು ತೆರೆಯಿತು, ಪಕ್ಕದ್ದೂ ತೆರೆಯಿತು. ಎಲ್ಲರಿಗೂ ಹೊರಗೆ ಏನೋ ಕೆಲಸವಿತ್ತು. ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಆಮೇಲೆ ಇಳಿದು ಬಂದು ಅದೇ ಕಟ್ಟೆಯ ಮೇಲೆ, ಸೊಸೆಯ ಮೈಗೆ ಮೈ ತಾಗುವಂತೆ ಕೂತಳು.

"ನೀರಡಿಸೇನಿ," ಎಂದಳು.

ಈರಮ್ಮ ಒಳಗಿಂದ ತರಲು ಏಳಹೋದಳು.

"ಒಳಗಿಂದು ಬ್ಯಾಡ. ಕೈಯಾಗಿರೋದು ಕೊಡು."

ಈರಮ್ಮ ತಂಬಿಗೆಯ ಅಂಚನ್ನು ಸೆರಗಿನಿಂದ ಒರೆಸುವಷ್ಟರಲ್ಲಿ ಅವ್ವ ಅವಳ ಮುಂಗೈ ಹಿಡಿದಳು. ನಮ್ಮವ್ವ ಎತ್ತಿ ಸುರಿದುಕೊಂಡು ಕುಡಿಯುವವಳು. ಹೆತ್ತ ಮಗನ ತಂಬಿಗೆಯನ್ನೂ ಕಚ್ಚಿ ಕುಡಿದವಳಲ್ಲ. ಅವತ್ತು ಒರೆಸದ ಅಂಚಿಗೆ ತುಟಿ ಹಚ್ಚಿ, ಓಣಿಯವರೆಲ್ಲ ನೋಡುತ್ತಿರಲು, ಒಂದು ಹನಿಯೂ ಬಿಡದೆ ಕುಡಿದಳು. ತಂಬಿಗೆಯನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.

"ಹಿಟ್ಟು ನಾದಿಟ್ಟೀನಿ," ಎಂದಳು.

"ಇವತ್ತು ರೊಟ್ಟಿ ನೀವ ಬಡೀರಿ, ಅತ್ತಿ," ಎಂದಳು ಈರಮ್ಮ. "ನಾ ಕೂಡ್ತೀನಿ."

ಅವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬಂತು.